ಬೆಂಜ್ ಸರ್ಕಲ್‌ನಿಂದ ಹೊರಡುವ ಮೇಷ್ಟ್ರುಗಳು

ವಿಜಯವಾಡದ ಬೆಂಜ್ ಸರ್ಕಲ್ ಎರಡು ದೊಡ್ಡ ಹೆದ್ದಾರಿಗಳು ಕೂಡುವ ಜಾಗ. ಒಂದು, ಕೋಲ್ಕತ್ತದಿಂದ ವಿಶಾಖಪಟ್ಟಣ ಹಾದು ಚೆನ್ನೈಗೆ ಇಳಿಯುವ ರಾಷ್ಟ್ರೀಯ ಹೆದ್ದಾರಿ 16. ಇನ್ನೊಂದು, ಪುಣೆಯಲ್ಲಿ ಹೊರಟು ಸೋಲಾಪುರ, ನಮ್ಮ ಬೀದರ್ ಜಿಲ್ಲೆಯ ಹುಮನಾಬಾದ್, ಹೈದರಾಬಾದ್ ದಾಟಿ ಮಚಲೀಪಟ್ಟಣದ ಕಡಲು ಮುಟ್ಟುವ ಹೆದ್ದಾರಿ 65. 2020ರ ಅಕ್ಟೋಬರ್‌ನಲ್ಲಿ ಇಲ್ಲಿನ ಮೊದಲ ಮೇಲ್ಸೇತುವೆ ಉದ್ಘಾಟನೆಯಾಯಿತು. ಅಂದಿನಿಂದ ಲಾರಿಗಳು ಮೇಲಿಂದ ಮೇಲೆಯೇ ಸಾಗಿಹೋಗುತ್ತವೆ. ಕೆಳಗೆ ಊರಿನ ಗದ್ದಲ: ಬಂದರು ರಸ್ತೆಯ ಬಟ್ಟೆ ಅಂಗಡಿ, ಆಟೊ, ಸಿಟಿ ಬಸ್ಸು, ಎತ್ತ ತಿರುಗಿದರೂ ಮಕ್ಕಳ ಮುಖ ತುಂಬಿದ ಹೋರ್ಡಿಂಗು. ಪ್ರತಿ ಮುಖದ ಕೆಳಗೂ ಒಂದು ರ‍್ಯಾಂಕು. ಅದರ ಪಕ್ಕದಲ್ಲೇ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಕ್ಕೆ ಕಳಿಸುತ್ತೇವೆ ಎನ್ನುವ ಸಲಹಾ ಕೇಂದ್ರಗಳ ಬೋರ್ಡು.

ಆ ಮಕ್ಕಳಿಗೆ ಪಾಠ ಹೇಳಿದವರ ಮುಖ ಹೋರ್ಡಿಂಗಿನಲ್ಲಿ ಕಾಣುವುದಿಲ್ಲ. ಅವರಲ್ಲಿ ಕನ್ನಡದವರೂ ಇದ್ದಾರೆ. ಹುಬ್ಬಳ್ಳಿ, ಹೊಸಪೇಟೆ, ಬಳ್ಳಾರಿಯಲ್ಲಿ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿದರೆ ಗುಂತಕಲ್ ದಾಟಿ ನೇರವಾಗಿ ವಿಜಯವಾಡಕ್ಕೇ ಬಂದು ಇಳಿಯಬಹುದು. ಆ ರೈಲು ನಂಬಿ ಬಂದ ಲೆಕ್ಚರರ್‌ಗಳು, ಆದೋನಿ, ರಾಯದುರ್ಗ, ಮಡಕಶಿರಾ ಕಡೆ ಕನ್ನಡ ಮಾಧ್ಯಮದಲ್ಲಿ ಓದಿ ಬಿ.ಇಡಿ. ಮುಗಿಸಿದ ಹುಡುಗ ಹುಡುಗಿಯರು, ಎಲ್ಲರ ತಲೆಯಲ್ಲೂ ಈಗ ಒಂದು ಪ್ರಶ್ನೆ ಇದೆ: ಇಂಟರ್‌ನ್ಯಾಷನಲ್ ಸ್ಕೂಲಿನಲ್ಲಿ ಕೆಲಸ ಸಿಗುತ್ತದೆಯೇ? ಸಿಗುವುದಾದರೆ ಹೇಗೆ, ಎಷ್ಟು ಖರ್ಚು ಮಾಡಿ?

ಕಡೆಯ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಅಂಥ ಕೆಲಸ ತಂದುಕೊಡುವುದು ಶಿಕ್ಷಕರು ತರಗತಿಯಲ್ಲಿ ಮಾಡುವ ಪಾಠ. ಏಜೆಂಟನಿಗೆ ಕೊಡುವ ದುಡ್ಡು ಅದನ್ನು ತಂದುಕೊಡುವುದಿಲ್ಲ. ಇದನ್ನು ಗಟ್ಟಿಯಾಗಿ ಹೇಳಬೇಕೆನಿಸಿದ್ದು ಪರಿಚಯದ ಲೆಕ್ಚರರ್ ಒಬ್ಬರ ಫೋನ್ ಬಂದಾಗ. ಬಳ್ಳಾರಿ ಕಡೆಯವರು, ಭೌತಶಾಸ್ತ್ರ ಹೇಳುವವರು, ವಿಜಯವಾಡದ ಒಂದು ಜೂನಿಯರ್ ಕಾಲೇಜಿನಲ್ಲಿ ವರ್ಷಗಟ್ಟಲೆ ದುಡಿದವರು.

"ಸಾರ್, ದುಬೈನಾಗ ಒಂದು ಇಂಟರ್‌ನ್ಯಾಷನಲ್ ಸ್ಕೂಲ್ ಐತಂತ. ಆಫರ್ ಲೆಟರ್ ಬಂದೈತಿ. ಒಂದೂವರೆ ಲಕ್ಷ ಕಟ್ಟಬೇಕಂತಾರ."

"ಇಂಟರ್‌ವ್ಯೂ ಮಾಡಿದ್ರಾ?"

"ಇಲ್ರೀ. ಬಯೋಡೇಟಾ ನೋಡಿ ಸೆಲೆಕ್ಟ್ ಮಾಡ್ಯಾರಂತ."

"ಹಂಗಾದ್ರೆ ಕಟ್ಟಬೇಡ್ರಿ ಮೇಷ್ಟ್ರೇ. ಪಾಠ ಕೇಳದೆ ಮೇಷ್ಟ್ರನ್ನ ತಗೊಳ್ಳೋ ಸ್ಕೂಲು ಇರಲ್ಲ."

ಅವರು ಕಟ್ಟಲಿಲ್ಲ. ಆದರೆ ಅವರಂತೆ ಫೋನ್ ಮಾಡಿ ಕೇಳುವವರಿಲ್ಲದೆ, ಹೆಂಡತಿಯ ಒಡವೆ ಅಡವಿಟ್ಟು ದುಡ್ಡು ಕಟ್ಟಿದವರು ಎಷ್ಟೋ ಮಂದಿ ಇದ್ದಾರೆ.

ಈ ಊರು ಪಾಠದ ಊರಾಗಿ ಬೆಳೆದ ಬಗೆ ತಿಳಿದರೆ ಇಲ್ಲಿನ ಮೇಷ್ಟ್ರುಗಳ ಸ್ಥಿತಿಯೂ ತಿಳಿಯುತ್ತದೆ. ಜೆಸ್ಯೂಟ್ ಪಾದ್ರಿಗಳ ಆಂಧ್ರ ಲಯೋಲಾ ಕಾಲೇಜು 1950ರ ದಶಕದ್ದು. ಮೊಗಲ್ರಾಜಪುರಂ ಸುತ್ತಿನ ಸಿದ್ಧಾರ್ಥ ಅಕಾಡೆಮಿಯ ಸಂಸ್ಥೆಗಳು 70ರ ದಶಕದವು. ಎನ್‌.ಟಿ. ರಾಮರಾವ್ ಅಧಿಕಾರಕ್ಕೆ ಬಂದ 1983ರಲ್ಲಿ ಆಂಧ್ರದಲ್ಲಿ ಕ್ಯಾಪಿಟೇಷನ್ ಶುಲ್ಕ ನಿಷೇಧಿಸುವ ಕಾಯ್ದೆ ಬಂತು. ಎಂಜಿನಿಯರಿಂಗ್, ಮೆಡಿಕಲ್ ಸೀಟಿಗೆ ದುಡ್ಡಿನ ದಾರಿ ಕಟ್ಟಾಗಿ ಪ್ರವೇಶ ಪರೀಕ್ಷೆಯ ದಾರಿ ಅಗಲವಾಯಿತು. ಅದಾಗಲೇ ನೆಲ್ಲೂರಿನಲ್ಲಿ 1979ರಲ್ಲಿ ನಾರಾಯಣ ಶಿಕ್ಷಣ ಸಂಸ್ಥೆ ಹುಟ್ಟಿತ್ತು. 1986ರಲ್ಲಿ ಡಾ. ಬಿ.ಎಸ್. ರಾವ್ ವಿಜಯವಾಡದಲ್ಲಿ ಹೆಣ್ಣುಮಕ್ಕಳ ಜೂನಿಯರ್ ಕಾಲೇಜಾಗಿ ಶ್ರೀ ಚೈತನ್ಯ ಶುರುಮಾಡಿದರು. ಅಲ್ಲಿಂದ ಮುಂದಿನದು ಕರ್ನಾಟಕದ ಓದುಗರಿಗೂ ಗೊತ್ತು. ಇವೆರಡರ ಬೋರ್ಡು ಬೆಂಗಳೂರಿನ ಬಡಾವಣೆ ಬಡಾವಣೆಯಲ್ಲೂ ಇದೆ.

ಈ ವ್ಯವಸ್ಥೆ ಶಿಕ್ಷಕರಿಗೆ ಒಂದು ಉಪಕಾರ ಮಾಡಿತು. ಒಳ್ಳೆಯ ಪಾಠಕ್ಕೆ ಒಳ್ಳೆಯ ಸಂಬಳ ಕೊಡಬಹುದು, ಒಬ್ಬ ಕೆಮಿಸ್ಟ್ರಿ ಮೇಷ್ಟ್ರಿಗಾಗಿ ಎರಡು ಸಂಸ್ಥೆಗಳು ಪೈಪೋಟಿಗೆ ಬೀಳಬಹುದು ಎಂಬುದನ್ನು ತೋರಿಸಿತು. ಆದರೆ ಅದು ವಸೂಲಿ ಮಾಡಿದ ಬೆಲೆಯೂ ದೊಡ್ಡದು. ಬೆಳಗ್ಗೆಯ ಸ್ಟಡಿ ಅವರ್‌ನಿಂದ ರಾತ್ರಿಯ ಸ್ಟಡಿ ಅವರ್‌ವರೆಗೆ ದುಡಿತ. ಎಲ್ಲ ಶಾಖೆಗಳಲ್ಲೂ ಒಂದೇ ದಿನ ಒಂದೇ ಪಾಠ ನಡೆಯಬೇಕೆನ್ನುವ ವೇಳಾಪಟ್ಟಿ. ಪಾಠದ ಟಿಪ್ಪಣಿ ಮೇಲಿನಿಂದ ಬರುತ್ತದೆ, ಪ್ರಶ್ನೆಪತ್ರಿಕೆಯೂ ಮೇಲಿನಿಂದ ಬರುತ್ತದೆ. ಮೇಷ್ಟ್ರಿಗೆ ತನ್ನದೇ ಆದ ಒಂದು ಪಾಠ ಕಟ್ಟುವ ಅವಕಾಶವೇ ಇಲ್ಲ. ಇದರ ಪೆಟ್ಟು ಮಕ್ಕಳಿಗೆ ಹೇಗೆ ಬಿದ್ದಿದೆ ಎಂಬುದನ್ನು ಎರಡೂ ತೆಲುಗು ರಾಜ್ಯಗಳ ಪತ್ರಿಕೆಗಳು ವರ್ಷ ವರ್ಷವೂ ಬರೆದಿವೆ, ಬರೆಯುತ್ತಲೇ ಇವೆ. ಮೇಷ್ಟ್ರುಗಳಿಗೆ ಬಿದ್ದ ಪೆಟ್ಟಿನ ಬಗ್ಗೆ ಬರೆದವರು ಕಡಿಮೆ.

ಆ ಪೆಟ್ಟು ಕಾಣುವುದು ಡೆಮೊ ಕ್ಲಾಸಿನಲ್ಲಿ. ಮೇಲೆ ಹೇಳಿದ ಲೆಕ್ಚರರ್ ಮುಂದೆ ಬೆಂಗಳೂರಿನ ಒಂದು ಶಾಲೆಗೆ ಅರ್ಜಿ ಹಾಕಿದರು. ಎಂಟನೇ ತರಗತಿಯ ಮಕ್ಕಳಿಗೆ ಸಾಂದ್ರತೆಯ ಬಗ್ಗೆ ಪಾಠ ಮಾಡಿ ಅಂದರು. ಇವರು ಬೋರ್ಡಿನ ತುಂಬ ಸೂತ್ರ ಬರೆದು, ಬಿಡುವಿಲ್ಲದೆ ಲೆಕ್ಕದ ಮೇಲೆ ಲೆಕ್ಕ ಬಿಡಿಸಿ ತೋರಿಸಿದರು. ಮೊಗಲ್ರಾಜಪುರಂನಲ್ಲಾಗಿದ್ದರೆ ಶಹಬ್ಬಾಸ್ ಅನ್ನಿಸಿಕೊಳ್ಳುವ ಪಾಠ. ಸಂದರ್ಶಕರು ಒಂದೇ ಪ್ರಶ್ನೆ ಕೇಳಿದರು: "ಮಕ್ಕಳಿಗೆ ಅರ್ಥ ಆಯ್ತು ಅಂತ ನಿಮಗೆ ಹೇಗೆ ಗೊತ್ತಾಯ್ತು ಸಾರ್?" ಇವರ ಬಳಿ ಉತ್ತರ ಇರಲಿಲ್ಲ. ಕೆಲಸ ಸಿಗಲಿಲ್ಲ.

ಮುಂದಿನ ಸಲ ಬೇರೆ ಶಾಲೆಗೆ ಹೋಗುವಾಗ ಚೀಲದಲ್ಲಿ ಎರಡು ಕಿತ್ತಳೆ ಹಣ್ಣು ಒಯ್ದರು. ಒಂದರ ಸಿಪ್ಪೆ ಸುಲಿದರು, ಇನ್ನೊಂದನ್ನು ಹಾಗೇ ಬಿಟ್ಟರು. ಎರಡನ್ನೂ ನೀರಿಗೆ ಹಾಕುವ ಮೊದಲು, ಯಾವುದು ಮುಳುಗುತ್ತದೆ, ಏಕೆ ಎಂದು ಪ್ರತಿ ಮಗುವೂ ಚೀಟಿಯಲ್ಲಿ ಬರೆಯಬೇಕೆಂದರು. ಹೆಚ್ಚಿನವರು ಸಿಪ್ಪೆ ಇರುವುದೇ ಭಾರ, ಅದೇ ಮುಳುಗುತ್ತದೆ ಎಂದು ಬರೆದರು. ಸಿಪ್ಪೆ ಇರುವುದು ತೇಲಿತು, ಸುಲಿದದ್ದು ತಳಕ್ಕೆ ಹೋಯಿತು. ಸಿಪ್ಪೆಯ ಬಿಳಿ ಪದರದಲ್ಲಿ ಗಾಳಿ ಇದೆ ಎಂಬುದನ್ನು ಮಕ್ಕಳೇ ವಾದ ಮಾಡಿ ಮಾಡಿ ಕಂಡುಕೊಳ್ಳುವ ಹೊತ್ತಿಗೆ ಸಮಯ ಮುಗಿದಿತ್ತು. ಒಂದು ಲೆಕ್ಕವನ್ನೂ ಬಿಡಿಸಿರಲಿಲ್ಲ. ಆದರೆ ಕೈಯಲ್ಲಿ ಚೀಟಿಗಳಿದ್ದವು: ಯಾವ ಮಗು ತೂಕವನ್ನೂ ಸಾಂದ್ರತೆಯನ್ನೂ ಒಂದೇ ಎಂದು ಭಾವಿಸಿದೆ, ಯಾವ ಮಗು ಭಾವಿಸಿಲ್ಲ ಎಂದು ಹೇಳುವ ಚೀಟಿಗಳು. ಕೆಲಸ ಸಿಕ್ಕಿತು.

ಇದರಲ್ಲಿ ಸಂತೋಷದ ಸಂಗತಿ ಏನೆಂದರೆ, ಆ ವ್ಯಕ್ತಿಗೆ ಭೌತಶಾಸ್ತ್ರ ಹೊಸದಾಗಿ ಕಲಿಯಬೇಕಾಗಿರಲಿಲ್ಲ. ವಿಷಯದ ಮೇಲೆ ವಿಜಯವಾಡ ಕೊಟ್ಟ ಹಿಡಿತ ಅವರಿಗೆ ಇದ್ದೇ ಇತ್ತು. ಮಕ್ಕಳ ಮಾತಿಗೆ ಕಿವಿಗೊಡುವ ಪುರುಸೊತ್ತನ್ನು ಮಾತ್ರ ಅವರು ಮರಳಿ ಸಂಪಾದಿಸಿಕೊಳ್ಳಬೇಕಾಗಿತ್ತು.

ಇಂಟರ್‌ನ್ಯಾಷನಲ್ ಎಂಬ ಬೋರ್ಡು ಹಾಕಿದ ಮಾತ್ರಕ್ಕೆ ಶಾಲೆ ಅಂಥದ್ದಾಗುವುದಿಲ್ಲ. ಹೆಸರಿನ ಕೊನೆಗೆ ಆ ಪದ ಅಂಟಿಸಿಕೊಂಡು ಸಿಬಿಎಸ್‌ಇ ಪಠ್ಯ ನಡೆಸುವ ಶಾಲೆ ತಾಲ್ಲೂಕು ತಾಲ್ಲೂಕಿನಲ್ಲೂ ಇದೆ. ಅರ್ಜಿ ಹಾಕುವ ಶಿಕ್ಷಕರು ಕೇಳಬೇಕಾದದ್ದು, ಯಾವ ಮಂಡಳಿಯ ಮಾನ್ಯತೆ ಇದೆ ಎಂದು. ಜಿನೀವಾದಲ್ಲಿ 1968ರಲ್ಲಿ ಶುರುವಾದ ಐಬಿ, ಅಂದರೆ ಇಂಟರ್‌ನ್ಯಾಷನಲ್ ಬ್ಯಾಕಲೊರಿಯೆಟ್, ಒಂದು. ಕೇಂಬ್ರಿಜ್ ಇನ್ನೊಂದು. ಐಬಿ ಭಾರತಕ್ಕೆ ಕಾಲಿಟ್ಟದ್ದು 1976ರಲ್ಲಿ, ಕೊಡೈಕನಾಲ್ ಇಂಟರ್‌ನ್ಯಾಷನಲ್ ಸ್ಕೂಲ್ ಮೂಲಕ. ಆ ಶಾಲೆ ಹುಟ್ಟಿದ್ದು 1901ರಲ್ಲಿ, ಮಿಷನರಿಗಳ ಮಕ್ಕಳಿಗಾಗಿ. ಬೆಂಗಳೂರಿಗೆ ಇಂಥ ಶಾಲೆಗಳು ಸಾಲಾಗಿ ಬಂದದ್ದು ಐಟಿ ಕಂಪನಿಗಳ ಜೊತೆ: 1996ರ ಕೆನೇಡಿಯನ್ ಇಂಟರ್‌ನ್ಯಾಷನಲ್, 2000ದ ದಿ ಇಂಟರ್‌ನ್ಯಾಷನಲ್ ಸ್ಕೂಲ್ ಬೆಂಗಳೂರು, 2003ರ ಇಂಡಸ್, 2008ರ ಸ್ಟೋನ್‌ಹಿಲ್. ವಿಶಾಖಪಟ್ಟಣದ ಓಕ್‌ರಿಡ್ಜ್ ಶಾಲೆಯನ್ನು ಅದರ ಸೋದರ ಶಾಲೆಗಳೊಂದಿಗೆ 2019ರಲ್ಲಿ ಲಂಡನ್ನಿನ ನಾರ್ಡ್ ಆಂಗ್ಲಿಯಾ ಕೊಂಡುಕೊಂಡಿತು. ಹಾಗಾಗಿ ವಿಶಾಖಪಟ್ಟಣದ ಒಬ್ಬ ಗಣಿತದ ಟೀಚರ್ ಈಗ ಹಲವು ದೇಶಗಳಲ್ಲಿ ಶಾಲೆಗಳಿರುವ ಕಂಪನಿಯ ನೌಕರರು.

ಆಂಧ್ರ ಸರ್ಕಾರ ಐಬಿಯನ್ನು ಸರ್ಕಾರಿ ಶಾಲೆಗೇ ತರುವ ಹೆಜ್ಜೆಯನ್ನೂ ಇಟ್ಟಿತ್ತು. 2024ರ ಜನವರಿ 31ರಂದು ಒಪ್ಪಂದಕ್ಕೆ ಸಹಿ ಬಿತ್ತು. ಮೊದಲು ಶಿಕ್ಷಕರಿಗೆ ತರಬೇತಿ, ಆಮೇಲೆ 2025ರಿಂದ ಒಂದನೇ ತರಗತಿ, ಹೀಗೆ ವರ್ಷಕ್ಕೊಂದು ಮೆಟ್ಟಿಲು ಎಂಬ ಲೆಕ್ಕ. 2024ರ ಜೂನ್‌ನಲ್ಲೇ ಸರ್ಕಾರ ಬದಲಾಯಿತು, ಯೋಜನೆ ಅಲ್ಲಿಗೇ ನಿಂತಿತು. ಪಠ್ಯ ಐಬಿಯದ್ದೇ ಆಗಬೇಕೆಂದೇನಿಲ್ಲ, ಅದರ ಬಗ್ಗೆ ನನಗೆ ಹಟವಿಲ್ಲ. ಸಾವಿರಾರು ಸರ್ಕಾರಿ ಶಿಕ್ಷಕರಿಗೆ ಬೇರೆ ಬಗೆಯ ತರಬೇತಿ ಸಿಗುವ ಒಂದು ಅವಕಾಶ ತಪ್ಪಿತಲ್ಲ ಎಂಬುದೇ ಬೇಸರ.

ಹೊಸ ಸರ್ಕಾರ ಶಿಕ್ಷಕರ ಪಾಲಿಗೆ ಬೇರೊಂದು ಬಾಗಿಲು ತೆರೆಯಿತು. ಚಂದ್ರಬಾಬು ನಾಯ್ಡು ಅಧಿಕಾರ ವಹಿಸಿಕೊಂಡು ಮೊದಲು ಸಹಿ ಹಾಕಿದ ಕಡತ ಮೆಗಾ ಡಿಎಸ್‌ಸಿ, ಅಂದರೆ ಸರ್ಕಾರಿ ಶಾಲಾ ಶಿಕ್ಷಕರ ದೊಡ್ಡ ನೇಮಕಾತಿಯದು. ಒಟ್ಟು 16,347 ಹುದ್ದೆ. ಅದರಲ್ಲಿ ಸ್ಕೂಲ್ ಅಸಿಸ್ಟೆಂಟ್ 7,725, ಎಸ್‌ಜಿಟಿ, ಅಂದರೆ ಪ್ರಾಥಮಿಕ ಶಾಲಾ ಶಿಕ್ಷಕರು, 6,371. 2025ರ ಏಪ್ರಿಲ್‌ನಲ್ಲಿ ಅಧಿಸೂಚನೆ, ಸೆಪ್ಟೆಂಬರ್‌ನಲ್ಲಿ ನೇಮಕಾತಿ ಪತ್ರ. ಅನಂತಪುರ, ಕರ್ನೂಲು, ಶ್ರೀ ಸತ್ಯಸಾಯಿ ಜಿಲ್ಲೆಗಳ ಗಡಿ ಶಾಲೆಗಳಿಗೆ ಕನ್ನಡದ ಶಿಕ್ಷಕರು ಬರುವುದೂ ಇದೇ ಡಿಎಸ್‌ಸಿ ದಾರಿಯಲ್ಲಿ. ಆದರೆ ಗಡಿಯ ಈಚೆಗಿನವರಿಗೆ ಈ ಬಾಗಿಲು ಕಿರಿದು. ಅದಕ್ಕೊಂದು ಹಳೆಯ ಕಾರಣವಿದೆ. ಬೆಂಜ್ ಸರ್ಕಲ್‌ನಲ್ಲಿ ಹಿಂದೆ ಕಾಕಾನಿ ವೆಂಕಟರತ್ನಂ ಅವರ ಪ್ರತಿಮೆ ಇತ್ತು. 1972ರ ಜೈ ಆಂಧ್ರ ಚಳವಳಿಯ ನಾಯಕರು ಅವರು. ಮುಲ್ಕಿ ನಿಯಮ ಎಂದರೆ ಸರ್ಕಾರಿ ನೌಕರಿ ಯಾವ ಪ್ರದೇಶದವರಿಗೆ ಎಂಬ ಪ್ರಶ್ನೆ. ಆ ಚಳವಳಿ ಎದ್ದದ್ದೇ ಅದರ ಸುತ್ತ. ಅದರ ಫಲವಾಗಿ ಸಂವಿಧಾನಕ್ಕೆ 371ಡಿ ವಿಧಿ ಸೇರಿತು, 1975ರಲ್ಲಿ ರಾಷ್ಟ್ರಪತಿ ಆದೇಶ ಬಂತು, ಶಿಕ್ಷಕ ಹುದ್ದೆಗಳಲ್ಲಿ ದೊಡ್ಡ ಪಾಲು ಸ್ಥಳೀಯರಿಗೆ ಮೀಸಲಾಯಿತು. ಆದೋನಿಯ ಕನ್ನಡತಿಗೆ ಇದು ರಕ್ಷಣೆ. ಸಿರುಗುಪ್ಪದ ಕನ್ನಡತಿಗೆ ಇಲ್ಲಿ ಜಾಗ ಇಲ್ಲದಂತೆಯೇ ಸರಿ. ಹೀಗೆ ಸರ್ಕಾರಿ ನೇಮಕಾತಿಯಿಂದ ಹೊರಗುಳಿದವರೇ ಖಾಸಗಿ ಕಾಲೇಜಿಗೆ ಬಂದು, ಅಲ್ಲಿ ದಣಿದು, ಹೊರದೇಶದ ಕಡೆ ನೋಡುತ್ತಾರೆ.

ಮೇಷ್ಟ್ರುಗಳು ಸಮುದ್ರ ದಾಟಿದ್ದು ಈಚಿನ ಮಾತಲ್ಲ. ಇಥಿಯೋಪಿಯಾದ ಚಕ್ರವರ್ತಿ ಹೈಲೆ ಸೆಲಾಸಿಯ ಕಾಲದಲ್ಲೇ ಭಾರತದ ಶಿಕ್ಷಕರು, ಹೆಚ್ಚಾಗಿ ಕೇರಳದವರು, ಅಲ್ಲಿನ ಹಳ್ಳಿಗಳಲ್ಲಿ ಪಾಠ ಹೇಳಿದ್ದರು. 1976ರಲ್ಲಿ ನೈಜೀರಿಯಾ ಎಲ್ಲ ಮಕ್ಕಳಿಗೂ ಪ್ರಾಥಮಿಕ ಶಿಕ್ಷಣ ಎಂದು ಸಾರಿದಾಗಲೂ ಇಲ್ಲಿಂದ ಮೇಷ್ಟ್ರುಗಳು ಹೋದರು. ದುಬೈಗೆ 1959ರಲ್ಲೇ ಹೋದ ಕೇರಳದ ವರ್ಕಿ ದಂಪತಿ ಅಲ್ಲಿನವರಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದರು. 1968ರಲ್ಲಿ ಒಂದು ಶಾಲೆ ತೆರೆದರು. ಮಗ ಸನ್ನಿ ವರ್ಕಿ ಕೈಯಲ್ಲಿ ಅದು ಜೆಮ್ಸ್ ಎಂಬ ದೊಡ್ಡ ಶಾಲಾ ಸಮೂಹವಾಯಿತು.

ಇವತ್ತಿನ ದಾರಿ ಹೆಚ್ಚಾಗಿ ಹೀಗಿದೆ. ಬಿ.ಇಡಿ. ಬೇಕೇ ಬೇಕು, 2015ರಿಂದ ಅದು ಎರಡು ವರ್ಷದ ಕೋರ್ಸು. ಅದರ ಮೇಲೆ ಎರಡು ವರ್ಷವಾದರೂ ಶಾಲೆಯ ಅನುಭವ. ಹೊರದೇಶಕ್ಕೆ ನೇರವಾಗಿ ಹಾರುವುದಕ್ಕಿಂತ ಬೆಂಗಳೂರು, ಹೈದರಾಬಾದ್, ವಿಶಾಖಪಟ್ಟಣದ ಒಂದು ಐಬಿ ಅಥವಾ ಕೇಂಬ್ರಿಜ್ ಶಾಲೆಯಲ್ಲಿ ಕೆಲವು ವರ್ಷ ಕಲಿಸಿ, ಶಾಲೆಯ ಖರ್ಚಿನಲ್ಲೇ ಅವರ ತರಬೇತಿ ಮುಗಿಸಿ, ಆಮೇಲೆ ಹೋಗುವುದು ಜಾಣತನ. ಐಬಿ ಡಿಪ್ಲೊಮಾದ ವಿದ್ಯಾರ್ಥಿ ಬರೆಯುವ 4,000 ಪದಗಳ ಪ್ರಬಂಧಕ್ಕೆ ಮಾರ್ಗದರ್ಶನ ಮಾಡಿದ ಅನುಭವ, ಮಾನದಂಡದ ಪ್ರಕಾರ ಅಂಕ ಕೊಟ್ಟ ಅನುಭವ ಬಯೋಡೇಟಾದಲ್ಲಿದ್ದರೆ ಅದನ್ನು ಜಗತ್ತಿನ ಯಾವ ಐಬಿ ಶಾಲೆಯೂ ಓದಿ ಅರ್ಥಮಾಡಿಕೊಳ್ಳುತ್ತದೆ. ಆಗಸ್ಟ್‌ನಲ್ಲಿ ಶುರುವಾಗುವ ಶಾಲಾ ವರ್ಷಕ್ಕೆ ಹಿಂದಿನ ನವೆಂಬರ್‌ನಿಂದಲೇ ಹುಡುಕಾಟ ಶುರು. ಸರ್ಚ್ ಅಸೋಸಿಯೇಟ್ಸ್‌ನಂಥ ಸಂಸ್ಥೆಗಳ ನೇಮಕಾತಿ ಮೇಳಗಳು ಬ್ಯಾಂಕಾಕ್, ದುಬೈನಂಥ ಊರುಗಳಲ್ಲಿ ಚಳಿಗಾಲದಲ್ಲೇ ನಡೆಯುತ್ತವೆ. ಗಲ್ಫ್‌ನಲ್ಲಿರುವ ಸಿಬಿಎಸ್‌ಇ ಶಾಲೆಗಳದ್ದು ಬೇರೆ ಲೆಕ್ಕ, ಅವು ಏಪ್ರಿಲ್‌ನಲ್ಲಿ ಶುರುವಾಗುತ್ತವೆ.

ಇಂಗ್ಲೆಂಡ್ 2023ರ ಫೆಬ್ರುವರಿಯಲ್ಲಿ ತನ್ನ ಅರ್ಹ ಶಿಕ್ಷಕ ಮಾನ್ಯತೆಗೆ ಭಾರತದ ಶಿಕ್ಷಕರೂ ನೇರವಾಗಿ ಅರ್ಜಿ ಹಾಕಬಹುದೆಂದಿತು. ಗಣಿತ, ವಿಜ್ಞಾನ, ಭಾಷೆಗಳನ್ನು 11ರಿಂದ 16 ವಯಸ್ಸಿನ ಮಕ್ಕಳಿಗೆ ಕಲಿಸುವ ಅರ್ಹತೆ ಇರುವವರಿಗೆ ಮಾತ್ರ. ಇದಕ್ಕೆ ಮಧ್ಯವರ್ತಿ ಬೇಕಿಲ್ಲ, ಅಲ್ಲಿನ ಸರ್ಕಾರದ ತಾಣದಲ್ಲಿ ತಾವೇ ಅರ್ಜಿ ಹಾಕಬಹುದು. ಮಾಲ್ಡೀವ್ಸ್ ಹತ್ತಿರದ ದೇಶ, ಅಲ್ಲಿನ ದ್ವೀಪ ಶಾಲೆಗಳಲ್ಲಿ ಭಾರತದ ಶಿಕ್ಷಕರು ಬಹಳ ಮಂದಿ. ಆದರೆ ಸಂಬಳ ಸಿಗುವುದು ಅಲ್ಲಿನ ರುಫಿಯಾದಲ್ಲಿ, ಊರಿಗೆ ಕಳಿಸಬಹುದಾದ ಡಾಲರಿಗೆ ಬ್ಯಾಂಕಿನ ಮಿತಿ ಇದೆ. ಊರಿನ ಸಾಲ ತೀರಿಸಲೆಂದೇ ಹೋಗುವವರು ಇದನ್ನು ಮೊದಲು ವಿಚಾರಿಸಬೇಕು.

ಈಗ ದುಡ್ಡಿನ ಮಾತು. 1983ರ ವಲಸೆ ಕಾಯ್ದೆಯ ಪ್ರಕಾರ ಭಾರತೀಯರನ್ನು ಹೊರದೇಶದ ಕೆಲಸಕ್ಕೆ ನೇಮಕ ಮಾಡುವ ಏಜೆಂಟರು ವಿದೇಶಾಂಗ ಸಚಿವಾಲಯದ ಅಡಿಯಲ್ಲಿ ನೋಂದಣಿ ಆಗಿರಲೇಬೇಕು. ನೋಂದಾಯಿತರ ಪಟ್ಟಿ ಇ-ಮೈಗ್ರೇಟ್ ತಾಣದಲ್ಲಿದೆ. ಅಂಥ ಏಜೆಂಟ್ ಕೂಡ ಸೇವಾ ಶುಲ್ಕವೆಂದು ಪಡೆಯಬಹುದಾದದ್ದು ಹೆಚ್ಚೆಂದರೆ 30,000 ರೂಪಾಯಿ ಮತ್ತು ಜಿಎಸ್‌ಟಿ, ಅದೂ ರಸೀದಿ ಕೊಟ್ಟು. ಸಂಯುಕ್ತ ಅರಬ್ ಸಂಸ್ಥಾನದ 2021ರ ಕಾರ್ಮಿಕ ಕಾನೂನು ಇನ್ನೂ ಖಚಿತ: ನೇಮಕಾತಿಯ ಖರ್ಚನ್ನು ಮಾಲೀಕರು ನೌಕರರಿಂದ ವಸೂಲಿ ಮಾಡುವಂತಿಲ್ಲ. ಹೀಗಿರುವಾಗ ಒಂದೂವರೆ ಲಕ್ಷ, ಎರಡು ಲಕ್ಷ ಎನ್ನುವ ಮಾತಿಗೆ ಕಾನೂನಿನ ಆಧಾರವೇ ಇಲ್ಲ.

ಇಲ್ಲಿ ಶಿಕ್ಷಕರಿಗೇ ಇರುವ ಒಂದು ವಿಶೇಷ ಅಪಾಯವಿದೆ. ಹತ್ತನೇ ತರಗತಿ ಓದದ ಕೂಲಿ ಕಾರ್ಮಿಕ ಗಲ್ಫ್‌ಗೆ ಹೋಗಬೇಕಾದರೆ ಸರ್ಕಾರದ ವಲಸೆ ಅನುಮತಿ ಬೇಕು. ಅವನ ಕರಾರನ್ನು ಅಧಿಕಾರಿಯೊಬ್ಬರು ನೋಡುತ್ತಾರೆ, ವಿಮೆ ಕಡ್ಡಾಯ. ಪದವೀಧರ ಶಿಕ್ಷಕಿಗೆ ಆ ಅನುಮತಿ ಬೇಕಿಲ್ಲ. ಓದಿದವರು ತಮ್ಮನ್ನು ತಾವು ನೋಡಿಕೊಳ್ಳುತ್ತಾರೆ ಎಂಬ ನಂಬಿಕೆಯ ಮೇಲೆ ಮಾಡಿದ ನಿಯಮ ಇದು. ಫಲವಾಗಿ ಆಕೆಯ ಕರಾರನ್ನು ಇಲ್ಲಿ ಯಾರೂ ನೋಡುವುದಿಲ್ಲ. ವಿಸಿಟ್ ವೀಸಾದಲ್ಲಿ ಕರೆಸಿಕೊಂಡು, ಅಲ್ಲಿಗೆ ಹೋದ ಮೇಲೆ ಬೇರೆ ಸಂಬಳ ಹೇಳಿದರೂ ಇಲ್ಲಿನ ದಾಖಲೆಯಲ್ಲಿ ಆಕೆ ಪ್ರವಾಸಿ ಮಾತ್ರ. ಓದಿದವರನ್ನೂ ಕೈಬಿಡದ ವ್ಯವಸ್ಥೆ ನಮಗೆ ಬೇಕು. ಅದು ಬರುವವರೆಗೆ ಸರ್ಕಾರಿ ಸಂಸ್ಥೆಗಳ ಮೂಲಕ ಹೋಗುವುದು ಮೇಲು. ಕೇರಳದ ಒಡೆಪೆಕ್ 1977ರಿಂದ ಈ ಕೆಲಸದಲ್ಲಿದೆ, ಗಲ್ಫ್ ಶಾಲೆಗಳಿಗೆ ಶಿಕ್ಷಕರನ್ನೂ ಕಳಿಸಿದೆ. ಆಂಧ್ರಕ್ಕೆ ಓಮ್‌ಕ್ಯಾಪ್ ಇದೆ, ಕರ್ನಾಟಕದಲ್ಲಿ ಕೌಶಲ್ಯಾಭಿವೃದ್ಧಿ ಇಲಾಖೆಯ ಅಂತರರಾಷ್ಟ್ರೀಯ ವಲಸೆ ಕೇಂದ್ರವಿದೆ. ನಮ್ಮ ಬಿ.ಇಡಿ. ಕಾಲೇಜುಗಳಲ್ಲಿ ಈ ಹೆಸರನ್ನೇ ಯಾರೂ ಹೇಳುವುದಿಲ್ಲ.

ಕಾಗದಪತ್ರದ ದಾರಿಯೂ ಉದ್ದ. ಪದವಿ, ಬಿ.ಇಡಿ. ಪ್ರಮಾಣಪತ್ರಗಳಿಗೆ ಮೊದಲು ರಾಜ್ಯದ ಅಟೆಸ್ಟೇಷನ್, ಆಮೇಲೆ ವಿದೇಶಾಂಗ ಸಚಿವಾಲಯದ್ದು. ದಾಖಲೆಗಳ ದೃಢೀಕರಣಕ್ಕೆ ಸಂಬಂಧಿಸಿದ ಹೇಗ್ ಒಪ್ಪಂದಕ್ಕೆ ಭಾರತ 2005ರಲ್ಲಿ ಸೇರಿದ್ದರಿಂದ ಆ ಒಪ್ಪಂದದಲ್ಲಿರುವ ಹೆಚ್ಚಿನ ದೇಶಗಳಿಗೆ ಅಪೋಸ್ಟಿಲ್ ಎಂಬ ಒಂದೇ ಮುದ್ರೆ ಸಾಕು. ಒಮಾನ್, ಬಹ್ರೇನ್, ಈಚೆಗೆ ಸೌದಿ ಅರೇಬಿಯಾ ಕೂಡ ಆ ಪಟ್ಟಿಯಲ್ಲಿವೆ. ಅರಬ್ ಸಂಸ್ಥಾನ, ಕತಾರ್, ಕುವೈತ್‌ಗೆ ಆಯಾ ರಾಯಭಾರ ಕಚೇರಿಯ ಮುದ್ರೆಯೂ ಬೇಕು. ಪಾಸ್‌ಪೋರ್ಟ್ ಕಚೇರಿಯಿಂದ ಪಿಸಿಸಿ, ಅಂದರೆ ಪೊಲೀಸ್ ದೃಢೀಕರಣ, ಬೇಕು. ಹಲವು ದೇಶಗಳಲ್ಲಿ ಕಲಿಸಿದ ಒಬ್ಬ ಅಮೆರಿಕನ್ ಶಿಕ್ಷಕ ಮಕ್ಕಳ ಮೇಲೆ ದಶಕಗಟ್ಟಲೆ ದೌರ್ಜನ್ಯ ನಡೆಸಿದ್ದು 2014ರಲ್ಲಿ ಬೆಳಕಿಗೆ ಬಂದ ಮೇಲೆ ಅಂತರರಾಷ್ಟ್ರೀಯ ಶಾಲೆಗಳು ಒಂದು ಕಾರ್ಯಪಡೆಯನ್ನೇ ಕಟ್ಟಿ ಈ ತಪಾಸಣೆ ಬಿಗಿಗೊಳಿಸಿದವು. ಹಿಂದಿನ ಪ್ರಿನ್ಸಿಪಾಲರಿಗೆ ನೇರವಾಗಿ ಫೋನ್ ಮಾಡಿ ವಿಚಾರಿಸುತ್ತಾರೆ. ಇದು ಒಳ್ಳೆಯದೇ. ತಪಾಸಣೆ ಮಾಡದ ಶಾಲೆಯ ಬಗ್ಗೆಯೇ ಅನುಮಾನ ಪಡಬೇಕು.

ಆದರೆ ವಿಜಯವಾಡದ ಲೆಕ್ಚರರ್‌ಗಳ ಮೊದಲ ತೊಡಕು ಇದಕ್ಕಿಂತ ಹಿಂದಿನದು: ಒರಿಜಿನಲ್ ಸರ್ಟಿಫಿಕೇಟು ಕೈಯಲ್ಲಿರುವುದಿಲ್ಲ. ಮಧ್ಯದಲ್ಲಿ ಬಿಟ್ಟುಹೋಗದಿರಲಿ ಎಂದು ಕೆಲಸಕ್ಕೆ ಸೇರುವಾಗಲೇ ಮೂಲ ಪ್ರಮಾಣಪತ್ರ ಪಡೆದು ಬೀರುವಿನಲ್ಲಿಡುವ ಕಾಲೇಜುಗಳು ಆಂಧ್ರದಲ್ಲೂ ಇವೆ, ನಮ್ಮಲ್ಲೂ ಇವೆ. ಆಡಳಿತ ಮಂಡಳಿಯ ಮುಂದೆ ನಿಂತು, "ಸಾರ್, ಪಾಸ್‌ಪೋರ್ಟ್ ಕೆಲಸ ಇದೆ, ನಾಲ್ಕು ದಿನಕ್ಕೆ ಕೊಡಿ" ಎಂದು ಎಂ.ಎಸ್ಸಿ. ಓದಿದವರು ಬೇಡುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಒಬ್ಬರ ಓದಿನ ದಾಖಲೆ ಇನ್ನೊಬ್ಬರ ಒತ್ತೆಯಾಗಬಾರದು. ಸೇರುವಾಗ ನಕಲು ಮಾತ್ರ ಕೊಡುತ್ತೇನೆ ಎಂದು ಹೇಳುವ ಧೈರ್ಯ ಒಬ್ಬೊಬ್ಬರಿಗೆ ಬರುವುದು ಕಷ್ಟ. ಶಿಕ್ಷಕರ ಸಂಘಗಳು ಹಿಡಿಯಬೇಕಾದ ವಿಷಯ ಇದು.

ಕಾಗದದಲ್ಲಿನ ಒಂದು ಸಾಲು ಎಷ್ಟು ದೊಡ್ಡ ಆಪತ್ತು ತರಬಹುದು ಎಂಬುದಕ್ಕೆ 2018ರ ಘಟನೆಯೇ ಸಾಕು. ಅರಬ್ ಸಂಸ್ಥಾನದ ಶಿಕ್ಷಣ ಸಚಿವಾಲಯ ಭಾರತದ ಪದವಿಗಳ ಸಮಾನತೆ ಪರಿಶೀಲಿಸುವಾಗ ನೂರಾರು ಶಿಕ್ಷಕರ ಅರ್ಜಿ ತಿರಸ್ಕೃತವಾದವು. ನಮ್ಮ ವಿಶ್ವವಿದ್ಯಾಲಯಗಳ ಅಂಕಪಟ್ಟಿಯಲ್ಲಿ ಇಂಟರ್ನಲ್, ಎಕ್ಸ್‌ಟರ್ನಲ್ ಎಂದು ಎರಡು ಕಾಲಂ ಇರುತ್ತವೆ. ಎಕ್ಸ್‌ಟರ್ನಲ್ ಎಂದರೆ ಕಾಲೇಜಿಗೆ ಹೋಗದೆ ಖಾಸಗಿಯಾಗಿ ಕಟ್ಟಿದ ಪರೀಕ್ಷೆ ಎಂದು ಅಲ್ಲಿ ಅರ್ಥಮಾಡಿಕೊಂಡರು. ವರ್ಷಗಟ್ಟಲೆ ಪಾಠ ಮಾಡಿದವರು ಕೆಲಸ ಹೋಗುವ ಭಯದಲ್ಲಿ ಊರಿನ ವಿಶ್ವವಿದ್ಯಾಲಯಕ್ಕೆ ಓಡಿಬಂದರು. ಎರಡೂ ಕಡೆಯ ಸರ್ಕಾರಗಳು ಮಾತಾಡಿದ ಮೇಲೆ ಗೊಂದಲ ಬಗೆಹರಿಯಿತು. ಕಾಲೇಜಿನಲ್ಲಿ ಖುದ್ದಾಗಿ ಕೂತು ಓದಿದ್ದೇನೆ ಎಂಬ ಒಂದು ದೃಢೀಕರಣ ಪತ್ರವನ್ನು ಊರಲ್ಲಿರುವಾಗಲೇ ಮಾಡಿಸಿಟ್ಟುಕೊಳ್ಳುವುದು ಅಂದಿನಿಂದ ಕಲಿತ ಪಾಠ.

ಕರಾರಿನಲ್ಲಿ ಎಲ್ಲರೂ ನೋಡುವುದು ಒಟ್ಟು ಸಂಬಳ. ನೋಡಬೇಕಾದದ್ದು ಬೇಸಿಕ್. ಅರಬ್ ಸಂಸ್ಥಾನದಲ್ಲಿ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ, ಮೊದಲ ಐದು ವರ್ಷಕ್ಕೆ ವರ್ಷವೊಂದಕ್ಕೆ 21 ದಿನದ ಬೇಸಿಕ್. ಇಬ್ಬರು ಟೀಚರ್‌ಗಳಿಗೂ ತಿಂಗಳಿಗೆ 6,000 ದಿರ್ಹಂ ಅಂದುಕೊಳ್ಳಿ. ಒಬ್ಬರ ಬೇಸಿಕ್ 2,400, ಉಳಿದದ್ದೆಲ್ಲ ಭತ್ಯೆ. ಇನ್ನೊಬ್ಬರ ಬೇಸಿಕ್ 4,200. ಐದು ವರ್ಷ ದುಡಿದು ಹೊರಡುವಾಗ ಮೊದಲಿನವರಿಗೆ 8,400 ದಿರ್ಹಂ, ಎರಡನೆಯವರಿಗೆ 14,700. ಸಹಿ ಹಾಕುವ ದಿನ ಒಂದು ಅಂಕಿಯನ್ನು ಗಮನಿಸದೆ ಇದ್ದುದಕ್ಕೆ 6,300 ದಿರ್ಹಂ ಕೈತಪ್ಪುತ್ತದೆ. ಬೇಸಿಗೆ ರಜೆಗೆ ಸಂಬಳ ಇದೆಯೇ, ವಿಮಾನದ ಟಿಕೆಟ್ ಯಾರದು, ಮಕ್ಕಳ ಫೀಸಿನಲ್ಲಿ ರಿಯಾಯಿತಿ ಎಷ್ಟು, ಇವನ್ನೂ ಸಹಿಗೆ ಮುಂಚೆ ಕೇಳಬೇಕು. ಕೇಳಿದರೆ ಬೇಸರ ಮಾಡಿಕೊಳ್ಳುತ್ತಾರೇನೋ ಎಂಬ ಸಂಕೋಚ ನಮ್ಮವರಲ್ಲಿ ಜಾಸ್ತಿ. ಕೇಳುವುದು ಹಕ್ಕು.

ಒಂದು ಅನ್ಯಾಯವನ್ನೂ ಹೇಳಲೇಬೇಕು. ಒಂದೇ ಸ್ಟಾಫ್ ರೂಮಿನಲ್ಲಿ ಕೂತ ಇಬ್ಬರಿಗೆ ಪಾಸ್‌ಪೋರ್ಟಿನ ಬಣ್ಣ ನೋಡಿ ಬೇರೆ ಬೇರೆ ಸಂಬಳ ಕೊಡುವುದು ಈ ಶಾಲೆಗಳ ಹಳೆಯ ರೂಢಿ. ಬ್ರಿಟಿಷ್ ಪಠ್ಯದ ಶಾಲೆಯಲ್ಲಿ ಸಿಗುವ ಸಂಬಳ ಅದೇ ಊರಿನ ಸಿಬಿಎಸ್‌ಇ ಶಾಲೆಯಲ್ಲಿ ಸಿಗುವುದಿಲ್ಲ. ಚೀನಾ ಇಂಗ್ಲಿಷ್ ಟೀಚರ್ ಎಂದರೆ ಇಂಗ್ಲಿಷ್ ಮಾತೃಭಾಷೆಯ ದೇಶದವರನ್ನೇ ಕೇಳುತ್ತದೆ. ಅಪ್ಪ ಅಮ್ಮನ ಜೊತೆ ಕನ್ನಡ, ಅಂಗಡಿಯಲ್ಲಿ ತೆಲುಗು, ತರಗತಿಯಲ್ಲಿ ಇಂಗ್ಲಿಷ್ ಮಾತಾಡಿ ಬೆಳೆದ ಬಳ್ಳಾರಿಯ ಹೆಣ್ಣುಮಗಳಿಗೆ, ಹೊಸ ಭಾಷೆ ಎದುರಾದ ಮಗು ಎಲ್ಲಿ ಎಡವುತ್ತದೆ ಎಂಬುದು ಒಂದೇ ಭಾಷೆ ಬಲ್ಲವರಿಗಿಂತ ಚೆನ್ನಾಗಿ ಗೊತ್ತು. ಈ ತಾರತಮ್ಯ ಇದೆಯೆಂದು ತಿಳಿದೇ ಹೋಗಬೇಕು, ಸಂದರ್ಶನದಲ್ಲಿ ಆ ಬಲವನ್ನು ಎದೆತಟ್ಟಿ ಹೇಳಬೇಕು.

ಆ ಬಲದ ಬೆಲೆ ಜಗತ್ತಿಗೆ ತಿಳಿದ ಒಂದು ಸಂದರ್ಭ ಇದೇ ಹೆದ್ದಾರಿ 65ರ ಸೋಲಾಪುರ ಜಿಲ್ಲೆಯದ್ದು. ಪರಿತೇವಾಡಿ ಎಂಬ ಹಳ್ಳಿಯ ಜಿಲ್ಲಾ ಪರಿಷತ್ ಶಾಲೆಗೆ 2009ರಲ್ಲಿ ರಣಜಿತ್‌ಸಿಂಹ ಡಿಸಲೆ ಎಂಬ ಮರಾಠಿ ಮೇಷ್ಟ್ರು ಬಂದರು. ಕಟ್ಟಡ ಪಾಳುಬಿದ್ದಿತ್ತು. ಮಕ್ಕಳ ಮನೆಮಾತು ಕನ್ನಡ, ಪಠ್ಯ ಬೇರೆ ಭಾಷೆಯದ್ದು. ಅವರು ಕನ್ನಡ ಕಲಿತರು, ಪಠ್ಯವನ್ನು ಮಕ್ಕಳ ಭಾಷೆಗೆ ತಂದರು, ಪುಸ್ತಕದಲ್ಲಿ ಕ್ಯೂಆರ್ ಕೋಡ್ ಅಂಟಿಸಿ ಹಾಡು, ವಿಡಿಯೊ ಪಾಠ ಜೋಡಿಸಿದರು. 2020ರ ಡಿಸೆಂಬರ್‌ನಲ್ಲಿ ಅವರಿಗೆ ಹತ್ತು ಲಕ್ಷ ಡಾಲರಿನ ಜಾಗತಿಕ ಶಿಕ್ಷಕ ಪ್ರಶಸ್ತಿ ಬಂತು. ಅರ್ಧ ಹಣವನ್ನು ಉಳಿದ ಒಂಬತ್ತು ಅಂತಿಮ ಸ್ಪರ್ಧಿಗಳಿಗೆ ಹಂಚಿದರು. ಪ್ರಶಸ್ತಿ ಕೊಟ್ಟದ್ದು ವರ್ಕಿ ಪ್ರತಿಷ್ಠಾನ, ಮೇಲೆ ಹೇಳಿದ ಅದೇ ದುಬೈ ಶಾಲೆಗಳ ಸನ್ನಿ ವರ್ಕಿ ಕಟ್ಟಿದ್ದು. ಮನೆಮಾತಿನಿಂದ ಮಗುವನ್ನು ಪಾಠಕ್ಕೆ ತರುವ ಕೆಲಸ ಜಗತ್ತಿನ ಅತಿ ದೊಡ್ಡ ಶಿಕ್ಷಕ ಪ್ರಶಸ್ತಿಗೆ ಅರ್ಹವಾಯಿತು, ಅದೂ ಕನ್ನಡದ ಮಕ್ಕಳ ನಡುವೆ ನಡೆದದ್ದು.

ಕನ್ನಡ ಎಂ.ಎ., ಬಿ.ಇಡಿ. ಮಾಡಿದವರು ಇಂಟರ್‌ನ್ಯಾಷನಲ್ ಸ್ಕೂಲು ನಮಗಲ್ಲ ಎಂದುಕೊಳ್ಳುವುದನ್ನು ಕೇಳಿದ್ದೇನೆ. ನಿಜ ಬೇರೆಯೇ ಇದೆ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ರಾಜ್ಯದ ಶಾಲೆಗಳಲ್ಲಿ, ಮಂಡಳಿ ಯಾವುದೇ ಇರಲಿ, ಕನ್ನಡವನ್ನು ಒಂದು ಭಾಷೆಯಾಗಿ ಕಲಿಸಬೇಕೆನ್ನುತ್ತದೆ. ಅದನ್ನು ಪ್ರಶ್ನಿಸಿ ಪೋಷಕರು ಹೈಕೋರ್ಟ್‌ಗೆ ಹೋಗಿದ್ದೂ ಉಂಟು. ಆದರೂ ಬೆಂಗಳೂರಿನ ದೊಡ್ಡ ಶಾಲೆಗಳು ಕನ್ನಡ ಟೀಚರ್‌ಗಳಿಗಾಗಿ ಹುಡುಕುತ್ತವೆ. ಅವರಿಗೆ ಬೇಕಿರುವುದು ಮನೆಯಲ್ಲಿ ಹಿಂದಿ, ತಮಿಳು, ಕೊರಿಯನ್ ಮಾತಾಡುವ ಮಗುವಿಗೆ ಕನ್ನಡ ಕಲಿಸಬಲ್ಲವರು. ಅಂಥ ಮಗುವಿಗೆ ಮೊದಲ ದಿನವೇ ವರ್ಣಮಾಲೆ ತಿದ್ದಿಸಿದರೆ ಅದು ಕನ್ನಡದಿಂದ ಓಡಿಹೋಗುತ್ತದೆ. "ನೀರು ಬೇಕು", "ನನ್ನ ಹೆಸರು", "ಆಟ ಆಡೋಣ ಬಾ" ಇವು ನಾಲಿಗೆಗೆ ಬಂದ ಮೇಲೆ ಅಕ್ಷರ ತಾನೇ ಹಿಂದೆ ಬರುತ್ತದೆ. ಹೀಗೆ ಕಲಿಸುವ ಕ್ರಮವನ್ನು ನಮ್ಮ ಬಿ.ಇಡಿ. ಕಾಲೇಜುಗಳ ಕನ್ನಡ ಬೋಧನಾ ಪತ್ರಿಕೆ ಹೇಳಿಕೊಡುವುದೇ ಇಲ್ಲ. ಅದು ಇಂದಿಗೂ ಮನೆಮಾತಾಗಿ ಕನ್ನಡ ಬಂದ ಮಗುವನ್ನೇ ಮನಸ್ಸಿನಲ್ಲಿಟ್ಟುಕೊಂಡಿದೆ. ದುಬೈನಲ್ಲಿ 2014ರಿಂದ ಉಚಿತವಾಗಿ ನಡೆಯುತ್ತಿರುವ ಕನ್ನಡ ಪಾಠಶಾಲೆಯ ಸ್ವಯಂಸೇವಕರು ಇದನ್ನು ವಾರ ವಾರವೂ ಮಕ್ಕಳ ನಡುವೆ ನಿಂತು ಮಾಡುತ್ತಿದ್ದಾರೆ. ಅವರ ಅನುಭವವನ್ನು ಬಳ್ಳಾರಿ, ಕಲಬುರಗಿ, ಕಾಸರಗೋಡಿನ ಶಿಕ್ಷಕ ತರಬೇತಿ ಕಾಲೇಜುಗಳಿಗೆ ತರಿಸಿಕೊಳ್ಳಲು ಒಂದು ಆನ್‌ಲೈನ್ ತರಗತಿ ಸಾಕು.

ಜೊತೆಗೆ ಇನ್ನೊಂದು ಕೆಲಸವೂ ಈ ಕಾಲೇಜುಗಳಿಂದ ಆಗಬೇಕು. ಅಭ್ಯಾಸ ಪಾಠಗಳನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ, ವಿದ್ಯಾರ್ಥಿ ಶಿಕ್ಷಕರ ಮುಂದೆಯೇ ಹಾಕಿ, ಎಲ್ಲಿ ಮಗು ಮಾತಾಡಿತು, ಎಲ್ಲಿ ಮೇಷ್ಟ್ರೇ ಎಲ್ಲ ಮಾತಾಡಿಬಿಟ್ಟರು ಎಂದು ಕೂತು ನೋಡಬೇಕು. ಅಂತರರಾಷ್ಟ್ರೀಯ ಶಾಲೆಗಳು ಅರ್ಜಿಯ ಜೊತೆ ಕೇಳುವುದು ಇಂಥದ್ದೇ ಚಿಕ್ಕ ವಿಡಿಯೊ. ಆಗಸ್ಟ್‌ನ ಹುದ್ದೆಗಳಿಗೆ ಅರ್ಜಿ ಹಿಂದಿನ ನವೆಂಬರ್‌ನಲ್ಲೇ ಶುರು. ದಸರಾ ರಜೆಯೊಳಗೆ ಒಂದು ಒಳ್ಳೆಯ ಪಾಠದ ವಿಡಿಯೊ, ಕೈಯಲ್ಲಿ ಒರಿಜಿನಲ್ ಸರ್ಟಿಫಿಕೇಟು, ಹಿಂದಿನ ಪ್ರಿನ್ಸಿಪಾಲರ ಒಂದು ಪತ್ರ, ಪಿಸಿಸಿಗೆ ಅರ್ಜಿ. ಇಷ್ಟನ್ನು ಸಿದ್ಧ ಮಾಡಿಕೊಳ್ಳಲು ಯಾವ ಏಜೆಂಟನಿಗೂ ಒಂದು ರೂಪಾಯಿ ಕೊಡಬೇಕಿಲ್ಲ.